ವಿದೇಶಿ ಸ್ವಯಂಸೇವಕರ ಮೆಂಟರ್: ಆತಿಥ್ಯ ಮುಗಿದ ಮೇಲೆ ಶುರುವಾಗುವ ಕೆಲಸ

ಆಟಿಯ ಮಳೆ ತುಸು ಹಿಂಜರಿದು ತುಳುವರ ಸೋಣ ತಿಂಗಳು ಕಾಲಿಡುವ ಹೊತ್ತಿಗೆ, ಎಂದರೆ ಆಗಸ್ಟ್ ನಡುವಿಗೆ, ನಮ್ಮ ಕರಾವಳಿಯ ಕೆಲವು ಮನೆಗಳಿಗೆ ಹೊಸ ಮುಖಗಳು ಬರುತ್ತವೆ. ಪಿಯುಸಿಗೆ ಸಮನಾದ ಓದನ್ನು ಆಗಷ್ಟೇ ಮುಗಿಸಿ, ಕಾಲೇಜು ಸೇರುವ ಮುನ್ನ ಒಂದು ವರ್ಷವನ್ನು ಬೇರೆ ದೇಶದಲ್ಲಿ ಸ್ವಯಂಸೇವೆಯಲ್ಲಿ ಕಳೆಯಲೆಂದು ಬಂದ ಯುರೋಪಿನ ಹುಡುಗ ಹುಡುಗಿಯರು. ಒಬ್ಬರು ವಿಶೇಷ ಮಕ್ಕಳ ಶಾಲೆಗೆ, ಇನ್ನೊಬ್ಬರು ಕುಂದಾಪುರ ಕಡೆಯ ಕಡಲಾಮೆ ಸಂರಕ್ಷಣೆಗೆ, ಮತ್ತೊಬ್ಬರು ಹಳ್ಳಿ ಶಾಲೆಯ ಇಂಗ್ಲಿಷ್ ತರಗತಿಗೆ. ಇವರ ಜೊತೆ ಆಗಾಗ ಕಾಣಿಸಿಕೊಳ್ಳುವ ಊರಿನ ವ್ಯಕ್ತಿಯೊಬ್ಬರು ಇರುತ್ತಾರೆ. ನೋಡಿದವರು ಅವರನ್ನು ಗೈಡ್ ಎಂದೋ, ಏಜೆಂಟ್ ಎಂದೋ, ಮನೆಯ ಯಜಮಾನರೆಂದೋ ತಿಳಿದುಕೊಳ್ಳುತ್ತಾರೆ. ಮೂರೂ ಅಲ್ಲ, ಅವರು ಮೆಂಟರ್, ಎಂದರೆ ಬಂದವರ ಕಷ್ಟಸುಖ ಕೇಳಲೆಂದೇ ಇರುವ ಊರಿನ ಒಡನಾಡಿ.

ಈ ಮೆಂಟರ್‌ಗೆಂದೇ ತರಬೇತಿ ನಡೆಯುತ್ತದೆ ಎಂದರೆ ಹಲವರಿಗೆ ಅಚ್ಚರಿ. "ಊರಿಗೆ ಬಂದ ಹುಡುಗಿಯನ್ನು ನೋಡಿಕೊಳ್ಳಲು ನಮಗೆ ತರಬೇತಿ ಬೇಕೇ ಮಾರಾಯರೆ?" ಎಂಬ ಮಾತು ತರಬೇತಿಯ ಮೊದಲ ದಿನವೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿ ಉಪಚರಿಸುವುದರಲ್ಲಿ ಕರಾವಳಿಯವರು ಯಾರಿಗೂ ಕಡಿಮೆಯಿಲ್ಲ. ತೊಡಕು ಇರುವುದು ಅಲ್ಲಿಯೇ. ಮೆಂಟರ್ ತರಬೇತಿಯಲ್ಲಿ ಹೊಸದಾಗಿ ಕಲಿಯುವುದಕ್ಕಿಂತ, ಉಪಚಾರದ ಅಭ್ಯಾಸವನ್ನು ಅಗತ್ಯ ಬಿದ್ದಾಗ ಬದಿಗಿಡುವುದನ್ನು ರೂಢಿಸಿಕೊಳ್ಳುವುದೇ ಹೆಚ್ಚು.

ಯಾರ ಕೆಲಸ ಯಾವುದು

ಒಬ್ಬ ಸ್ವಯಂಸೇವಕಿಯ ಸುತ್ತ ಸಾಮಾನ್ಯವಾಗಿ ಮೂರು ಮಂದಿ ಇರುತ್ತಾರೆ. ಮೊದಲನೆಯವರು ಅವಳಿಗೆ ಕೆಲಸ ಹೇಳುವವರು: ಶಾಲೆಯ ಮುಖ್ಯೋಪಾಧ್ಯಾಯರು ಅಥವಾ ಸಂಸ್ಥೆಯ ಸಂಯೋಜಕರು. ಎಷ್ಟು ಗಂಟೆಗೆ ಬರಬೇಕು, ಯಾವ ತರಗತಿಗೆ ಹೋಗಬೇಕು, ರಜೆ ಎಷ್ಟು ಎಂಬುದೆಲ್ಲ ಅವರ ಕೈಯಲ್ಲಿದೆ. ಎರಡನೆಯವರು ಅವಳು ಉಳಿದುಕೊಂಡಿರುವ ಮನೆಯವರು. ಮೂರನೆಯವರು ಮೆಂಟರ್. ಮೆಂಟರ್ ಕೆಲಸ ಹೇಳುವುದಿಲ್ಲ, ಅನ್ನ ಹಾಕುವುದಿಲ್ಲ, ವರದಿಯಲ್ಲಿ ಅಂಕ ಕೊಡುವುದಿಲ್ಲ. ಕೆಲಸದ ಜಾಗದ ಬಗ್ಗೆಯೂ ಮನೆಯ ಬಗ್ಗೆಯೂ ಅವಳು ಭಯವಿಲ್ಲದೆ ಮಾತನಾಡಬಹುದಾದ ಒಬ್ಬರು ಊರಿನಲ್ಲಿ ಇರಬೇಕು ಎನ್ನುವ ಕಾರಣಕ್ಕೆ ಈ ಪಾತ್ರ ಹುಟ್ಟಿದೆ.

ಇದು ಯಾರದೋ ಔದಾರ್ಯಕ್ಕೆ ಬಿಟ್ಟ ಏರ್ಪಾಡಲ್ಲ. ಜರ್ಮನಿಯ ಆರ್ಥಿಕ ಸಹಕಾರ ಸಚಿವಾಲಯ 2008ರಲ್ಲಿ ಆರಂಭಿಸಿದ ವೆಲ್ಟ್‌ವೆರ್ಟ್ಸ್ ಯೋಜನೆಯಲ್ಲಿ 18ರಿಂದ 28 ವರ್ಷದವರು 6ರಿಂದ 24 ತಿಂಗಳ ಅವಧಿಗೆ ಹೊರದೇಶಗಳಿಗೆ ಹೋಗುತ್ತಾರೆ. ಅದರ ಗುಣಮಟ್ಟದ ನಿಯಮಗಳು ಕೆಲಸದ ಜಾಗದ ಜವಾಬ್ದಾರರ ಜೊತೆಗೆ ಮೆಂಟರ್ ಕೂಡ ಇರಬೇಕೆಂದು ಹೇಳುತ್ತವೆ. ವರ್ಷವಿಡೀ ಇರುವವರಿಗೆ ಹೊರಡುವ ಮುನ್ನ, ನಡುವೆ, ಮರಳಿದ ಮೇಲೆ ಎಂದು ಒಟ್ಟು 25 ದಿನಗಳ ಶಿಬಿರವೂ ಅದರಲ್ಲೇ ಸೇರಿದೆ. ಯುರೋಪಿನೊಳಗೆ 1996ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಸ್ವಯಂಸೇವೆಯ ಯೋಜನೆ ಈಗ ಯುರೋಪಿಯನ್ ಸಾಲಿಡಾರಿಟಿ ಕೋರ್ ಎಂಬ ಹೆಸರಿನಲ್ಲಿ ಮುಂದುವರಿದಿದ್ದು, ಅಲ್ಲಿಯೂ ಮೆಂಟರ್ ಅಗತ್ಯ.

ಎಳೆಯರು ಗಡಿ ದಾಟಿ ಹೋಗಿ ದುಡಿಯುವ ಈ ಪರಿಪಾಠ ಇನ್ನೂ ಹಳೆಯದು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಫ್ರಾನ್ಸಿನ ವರ್ಡನ್ ಸಮೀಪದ ಎಸ್ನ್ ಎಂಬ ಹಳ್ಳಿಯಲ್ಲಿ ಜರ್ಮನರನ್ನೂ ಸೇರಿಸಿಕೊಂಡು, ಯುದ್ಧದಲ್ಲಿ ಹಾಳಾದದ್ದನ್ನು ಮತ್ತೆ ಕಟ್ಟುವ ಶಿಬಿರ ನಡೆಸಿದರು. ಅದೇ ಸೆರೆಸೋಲ್ 1934ರ ಬಿಹಾರ ಭೂಕಂಪದ ಬಳಿಕ ಭಾರತಕ್ಕೂ ಬಂದು ದುಡಿದರು. ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯಾದ ಪೀಸ್ ಕೋರ್‌ನ ಯುವಜನರು 1961ರಿಂದ 1976ರವರೆಗೆ ಭಾರತದ ಹಳ್ಳಿಗಳಲ್ಲಿದ್ದರು. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗ ಸ್ಥಾಪನೆಯಾದದ್ದು 1970ರಲ್ಲಿ. ಮಂಗಳೂರಿಗಂತೂ ಹೊರಗಿನಿಂದ ಬಂದ ಎಳೆಯರಿಗೆ ಊರು ತಿಳಿಸಿಕೊಡುವುದು ಹೊಸತೇ ಅಲ್ಲ. 1834ರಲ್ಲಿ ಇಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು, ಅವರ ಹಿಂದೆ ಬಂದ ಮೋಗ್ಲಿಂಗ್, ಕಿಟ್ಟೆಲ್ ಎಲ್ಲರೂ ಊರಿನ ಪಂಡಿತರ ಮುಂದೆ ಕುಳಿತೇ ಕನ್ನಡ ಕಲಿತವರು. ಅವರು ಬಂದ ಉದ್ದೇಶ ಬೇರೆ, ಕಾಲ ಬೇರೆ. ಆ ಚರ್ಚೆ ಇಲ್ಲಿ ಬೇಡ. ಊರಿನ ಒಬ್ಬರ ಸಹಾಯವಿಲ್ಲದೆ ಊರು ಅರ್ಥವಾಗುವುದಿಲ್ಲ ಎಂಬುದಷ್ಟೇ ಎರಡಕ್ಕೂ ಸಮಾನ.

ಬಂದವರ ಒಳಗೆ ಏನಾಗುತ್ತದೆ

ತರಬೇತಿಯಲ್ಲಿ ಮೊದಲು ಬರುವ ಪಾಠ ಮನಸ್ಸಿನ ಏರಿಳಿತದ್ದು. ಮಾನವಶಾಸ್ತ್ರಜ್ಞ ಕಲೆರ್ವೊ ಒಬೆರ್ಗ್ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪರದೇಶಕ್ಕೆ ಹೋದವರು ನಾಲ್ಕು ಹಂತಗಳನ್ನು ದಾಟುತ್ತಾರೆ ಎಂದಿದ್ದರು. ಮೊದಲು ಎಲ್ಲವೂ ಚೆಂದ ಕಾಣುವ ಕಾಲ, ಆಮೇಲೆ ಎಲ್ಲದರ ಮೇಲೂ ಸಿಟ್ಟು ಬರುವ ಕಾಲ, ನಂತರ ಚೇತರಿಕೆ, ಕೊನೆಗೆ ಹೊಂದಾಣಿಕೆ. ಅದಕ್ಕೂ ಮೊದಲೇ, 1955ರಲ್ಲಿ, ನಾರ್ವೆಯ ಲಿಸ್‌ಗಾರ್ಡ್ ಎಂಬವರು ಅಮೆರಿಕಕ್ಕೆ ಹೋಗಿ ಬಂದ ತಮ್ಮ ದೇಶದವರನ್ನು ಮಾತನಾಡಿಸಿ, 6 ತಿಂಗಳಿಗಿಂತ ಕಡಿಮೆ ಇದ್ದವರು, 18 ತಿಂಗಳಿಗಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದನ್ನೂ ನಡುವಿನ ಅವಧಿಯವರು ಸೊರಗಿದ್ದನ್ನೂ ಕಂಡಿದ್ದರು. ಇಂಗ್ಲಿಷಿನ ಯು ಅಕ್ಷರದಂತೆ ಇಳಿದು ಏರುವ ಗೆರೆ ಇಂದಿಗೂ ತರಬೇತಿಯ ಬೋರ್ಡಿನ ಮೇಲೆ ಕಾಣುವುದು ಹೀಗೆ.

ಆ ಗೆರೆಯನ್ನು ವೇದವಾಕ್ಯ ಮಾಡಿಕೊಳ್ಳಬಾರದು ಎನ್ನುವುದು ನನ್ನ ಅಭಿಪ್ರಾಯ. ಸಂಶೋಧನೆಯೂ ಅದನ್ನೇ ಹೇಳುತ್ತದೆ. ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಗಮನಿಸಿದ ಕೊಲೀನ್ ವಾರ್ಡ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟಂತೆ, ಸಂಕಟ ಹೆಚ್ಚಿದ್ದದ್ದು ಬಂದ ಮೊದಲ ದಿನಗಳಲ್ಲೇ. ಎಂದರೆ, ನಗುನಗುತ್ತಾ ಎಲ್ಲವನ್ನೂ ಹೊಗಳುವ ಮೊದಲ ವಾರದ ಹುಡುಗ ಒಳಗೊಳಗೇ ಕುಸಿದಿರಬಹುದು. "ಇನ್ನೂ ಹೊಸತು, ಖುಷಿಯಾಗಿದ್ದಾನೆ, ಮೂರನೆಯ ತಿಂಗಳಿಗೆ ನೋಡೋಣ" ಎಂದು ಮೆಂಟರ್ ಕೈಕಟ್ಟಿ ಕುಳಿತರೆ ಕೆಟ್ಟಿತು. ಮೊದಲ ಎರಡು ವಾರಗಳಲ್ಲಿ ಭೇಟಿಗಳು ಪದೇ ಪದೇ ಆಗಬೇಕು, ಆಮೇಲೆ ಅಂತರ ಹೆಚ್ಚಿಸಬಹುದು.

ಪುಸ್ತಕದ ಹಂತಗಳನ್ನು ನಮ್ಮ ಊರಿನ ಕ್ಯಾಲೆಂಡರಿಗೆ ಹೊಂದಿಸಿಕೊಳ್ಳುವುದು ತರಬೇತಿಯ ಒಳ್ಳೆಯ ಭಾಗ. ಮಳೆಯಲ್ಲಿ ಒಣಗದ ಬಟ್ಟೆ, ಚೀಲಕ್ಕೆ ಹಿಡಿದ ಬೂಷ್ಟು, ಕಾಲ್ಬೆರಳ ನಡುವಿನ ಹುಣ್ಣು ಇವು ಮೊದಲ ತಿಂಗಳಿನವು. ಆಮೇಲಿನದು ಭಾಷೆಯ ಪೆಟ್ಟು. ಹೊರಡುವ ಮುನ್ನ ಕಷ್ಟಪಟ್ಟು ನಾಲ್ಕು ಕನ್ನಡ ವಾಕ್ಯ ಕಲಿತು ಬಂದ ಹುಡುಗ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದರೆ ಕಂಡಕ್ಟರ್ ತುಳುವಿನಲ್ಲಿ ಕೂಗುತ್ತಿರುತ್ತಾನೆ, ಮೀನಿನ ಮಾರುಕಟ್ಟೆಯಲ್ಲಿ ಬ್ಯಾರಿ ಭಾಷೆ ಕೇಳುತ್ತದೆ, ಉಳಿದುಕೊಂಡ ಮನೆಯಲ್ಲಿ ಕೊಂಕಣಿ. ತಾನು ಕಲಿತದ್ದೆಲ್ಲ ದಂಡವಾಯಿತೆಂದು ಅವನಿಗೆ ಅನ್ನಿಸುತ್ತದೆ. ಶಾಲೆಯಲ್ಲಿ, ಕಚೇರಿಯಲ್ಲಿ, ಬೋರ್ಡಿನ ಮೇಲೆ ಕನ್ನಡ. ಬಸ್ಸಿನಲ್ಲಿ, ಅಂಗಡಿಯಲ್ಲಿ ತುಳು ಎಂಬ ಸರಳ ನಕ್ಷೆಯನ್ನು ಮೆಂಟರ್ ಮೊದಲ ವಾರವೇ ಕೈಗಿಟ್ಟರೆ ಅರ್ಧ ಹತಾಶೆ ತಪ್ಪುತ್ತದೆ. ಡಿಸೆಂಬರ್ ಕೊನೆಗೆ ಇನ್ನೊಂದು ಇಳಿತ ಬರುತ್ತದೆ. ಮಂಗಳೂರಿನಲ್ಲಿ ಕ್ರಿಸ್ಮಸ್ ಜೋರಾಗಿಯೇ ಇದೆ, ಹಬ್ಬದ ತಿಂಡಿಗಳಾದ ಕುಸ್ವಾರ್ ತಟ್ಟೆ ತುಂಬಿ ಬರುತ್ತದೆ. ಆದರೂ ಮನೆಯಿಂದ ದೂರವಿರುವ ಮೊದಲ ಕ್ರಿಸ್ಮಸ್ಸಿನಲ್ಲಿ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡರೆ ಅದು ತಟ್ಟೆಗೆ ಮಾಡಿದ ಅವಮಾನವಲ್ಲ.

ಐದು ನಿಮಿಷ ಸಲಹೆ ಇಲ್ಲ

ಇಂಥ ಒಂದು ತರಬೇತಿಯ ತುಣುಕನ್ನು ಹತ್ತಿರದಿಂದ ನೋಡೋಣ. ಉಡುಪಿಯ ಒಂದು ಮಹಡಿಯ ಸಭಾಂಗಣ. ಇಬ್ಬಿಬ್ಬರ ಜೋಡಿ. ಒಬ್ಬರು ಸ್ವಯಂಸೇವಕಿ, ಇನ್ನೊಬ್ಬರು ಮೆಂಟರ್. ಸ್ವಯಂಸೇವಕಿಯ ಪಾತ್ರ ಮಾಡಿದ ಯುವತಿ ಹೇಳುತ್ತಾಳೆ: "ಶಾಲೆಯಲ್ಲಿ ನನಗೆ ಕೆಲಸವೇ ಇಲ್ಲ. ದಿನವಿಡೀ ಸ್ಟಾಫ್ ರೂಮಿನಲ್ಲಿ ಕೂರಿಸುತ್ತಾರೆ." ಮೆಂಟರ್ ಪಾತ್ರದಲ್ಲಿದ್ದವರು ನಿವೃತ್ತ ಶಿಕ್ಷಕಿ. ಅವರ ಉತ್ತರ ಬರಲು ಒಂದು ಕ್ಷಣವೂ ಬೇಕಾಗಲಿಲ್ಲ. "ಅಯ್ಯೋ, ಅಷ್ಟೇ ತಾನೆ? ನಾಳೆಯೇ ಹೆಡ್ಮಾಸ್ಟರಿಗೆ ಫೋನ್ ಮಾಡುತ್ತೇನೆ, ಅವರು ನನಗೆ ಪರಿಚಯ. ನೀನು ಊಟ ಮಾಡಿದೆಯಾ, ಅದನ್ನು ಮೊದಲು ಹೇಳು."

ಸಭಾಂಗಣವೆಲ್ಲ ನಕ್ಕಿತು. ತರಬೇತುದಾರರು ನಗುವಿನ ನಡುವೆಯೇ ಕೇಳಿದ್ದು ಒಂದೇ ಪ್ರಶ್ನೆ: ಆ ಹುಡುಗಿಗೆ ಏನಾಗಿದೆಯೆಂದು ನಿಮಗೀಗ ಗೊತ್ತೇ? ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಸುತ್ತಿಗೆ ನಿಯಮ ಬದಲಾಯಿತು. ಐದು ನಿಮಿಷ ಯಾವ ಸಲಹೆಯನ್ನೂ ಕೊಡುವಂತಿಲ್ಲ, ಸಹಾಯ ಮಾಡುತ್ತೇನೆ ಎನ್ನುವಂತಿಲ್ಲ, ತಮ್ಮ ಅನುಭವ ಹೇಳುವಂತಿಲ್ಲ. ಪ್ರಶ್ನೆ ಕೇಳಬಹುದು, ಸುಮ್ಮನಿರಬಹುದು. ಶಿಕ್ಷಕಿ ಕಷ್ಟಪಟ್ಟು ಕೇಳಿದರು: "ಕೂರಿಸುತ್ತಾರೆ ಎಂದರೆ ಹೇಗೆ?" ಮೆಲ್ಲಗೆ ಒಂದೊಂದೇ ಹೊರಬಂತು. ಬೆಳಿಗ್ಗೆ ಹೋದ ಕೂಡಲೇ ಕುರ್ಚಿ ಎಳೆದು ಕೊಡುತ್ತಾರೆ, ಫ್ಯಾನ್ ಹಾಕುತ್ತಾರೆ, ಚಹಾ ತರಿಸುತ್ತಾರೆ. ಏನಾದರೂ ಮಾಡಲೇ ಎಂದರೆ "ಪರವಾಗಿಲ್ಲ, ಕುಳಿತುಕೊಳ್ಳಿ" ಎನ್ನುತ್ತಾರೆ. ತನ್ನ ಮೇಲೆ ಅವರಿಗೆ ನಂಬಿಕೆಯಿಲ್ಲ, ತಾನು ಪ್ರಯೋಜನಕ್ಕೆ ಬಾರದವಳು ಎಂದು ಆಕೆ ನಿರ್ಧರಿಸಿಬಿಟ್ಟಿದ್ದಾಳೆ. ಅತ್ತ ಶಿಕ್ಷಕರೋ, ಸಾವಿರಾರು ಮೈಲಿ ದೂರದಿಂದ ಬಂದವಳಿಗೆ ಕೆಲಸ ಹಚ್ಚುವುದು ಹೇಗೆ ಎಂದು ಸಂಕೋಚ ಪಡುತ್ತಿದ್ದಾರೆ. ಇಬ್ಬರದೂ ಒಳ್ಳೆಯ ಮನಸ್ಸೇ, ಆದರೂ ವಾರಗಳು ವ್ಯರ್ಥವಾಗುತ್ತಿವೆ. ಹೆಡ್ಮಾಸ್ಟರಿಗೆ ಫೋನ್ ಹೋಗಿದ್ದರೆ "ನಿಮ್ಮ ಹುಡುಗಿ ದೂರು ಹೇಳಿದ್ದಾಳೆ" ಎಂದಾಗುತ್ತಿತ್ತು, ಸಂಕೋಚ ಬಿಗುಮಾನವಾಗಿ ತಿರುಗುತ್ತಿತ್ತು.

ಈ ಬಗೆಯ ಕೇಳುವಿಕೆಗೆ ಮನಶ್ಶಾಸ್ತ್ರದಲ್ಲಿ ದೊಡ್ಡ ಹಿನ್ನೆಲೆಯಿದೆ. ಅಮೆರಿಕದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲೇ ಇದನ್ನು ವಿವರಿಸಿದ್ದರು: ಎದುರಿನವರ ಮಾತಿಗೆ ತೀರ್ಪು ಕೊಡದೆ, ಮಾತಿನ ಹಿಂದಿರುವ ಭಾವನೆಯನ್ನೂ ಗಮನಿಸಿ, ತನಗೆ ಅರ್ಥವಾದದ್ದನ್ನು ಮರಳಿ ಹೇಳಿ ಸರಿಯೇ ಎಂದು ನೋಡುವುದು. ಹೇಳಲು ಸುಲಭ. ನಮ್ಮಲ್ಲಿ ಹಿರಿಯರಾದವರು ಸಲಹೆ ಕೊಡದೆ ಕುಳಿತರೆ ಅವರಿಗೇ ಅವರು ಹಿರಿಯರೆನ್ನಿಸುವುದಿಲ್ಲ! ಹಾಗಾಗಿ ಐದು ನಿಮಿಷದ ಈ ಅಭ್ಯಾಸವನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ತರಬೇತಿಯಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬಾರದು.

ಕೇಳಿ ಮುಗಿದ ಮೇಲೆ ಏನು? ಆಗಲೂ ಫೋನ್ ಮೆಂಟರ್ ಕೈಗೆ ಹೋಗುವುದಿಲ್ಲ. ಹುಡುಗಿಯೇ ಮುಖ್ಯೋಪಾಧ್ಯಾಯರ ಹತ್ತಿರ ಮಾತನಾಡಬೇಕು. ಹೇಗೆ ಮಾತನಾಡಿದರೆ ಅವರಿಗೆ ನೋವಾಗದು ಎಂಬುದಕ್ಕೆ ಮೆಂಟರ್ ಸಹಾಯ ಮಾಡಬಹುದು. "ನನಗೆ ಕೆಲಸ ಕೊಡುತ್ತಿಲ್ಲ" ಎನ್ನುವ ಬದಲು "ಮೂರನೆಯ ತರಗತಿಗೆ ವಾರಕ್ಕೆ ಎರಡು ದಿನ ಚಿತ್ರ ಬಿಡಿಸಲು ಕಲಿಸಲೇ?" ಎಂದು ಕೇಳಬಹುದು. ಬೇಕಿದ್ದರೆ ಜೊತೆಗೆ ಹೋಗಿ ಪಕ್ಕದಲ್ಲಿ ಕೂರಬಹುದು. ಆಗಿಹೋದದ್ದನ್ನು ಹಿಂತಿರುಗಿ ನೋಡಿ, ಅದರಿಂದ ಏನು ತಿಳಿಯಿತೆಂದು ಕೇಳಿಕೊಂಡು, ಮುಂದಿನ ವಾರ ಬೇರೆ ರೀತಿ ಪ್ರಯತ್ನಿಸುವ ಈ ಸುತ್ತನ್ನು ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದಿಂದ ಕಲಿಯುವ ಚಕ್ರವೆಂದು ವಿವರಿಸಿದರು. ಮೆಂಟರ್ ಜೊತೆಗಿನ ಹೆಚ್ಚಿನ ಭೇಟಿಗಳು ಆ ಚಕ್ರದ ಸುತ್ತುಗಳೇ.

ಕಡಲಾಮೆಯ ಕೆಲಸಕ್ಕೆ ಬಂದವರಲ್ಲಿ ಇದು ಇನ್ನೊಂದು ರೂಪ ತಾಳುತ್ತದೆ. ಆಲಿವ್ ರಿಡ್ಲಿ ಆಮೆಗಳು ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುವುದು ಚಳಿಗಾಲದ ಹೊತ್ತಿಗೆ, ಮರಿ ಹೊರಬರಲು 45ರಿಂದ 60 ದಿನ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿಯಾದ್ದರಿಂದ ಕಂಡವರೆಲ್ಲ ಮುಟ್ಟುವಂತಿಲ್ಲ. ಎಷ್ಟೋ ರಾತ್ರಿ ಮರಳಿನ ಮೇಲೆ ನಡೆದದ್ದಷ್ಟೇ ಬರುತ್ತದೆ, ಒಂದು ಹೆಜ್ಜೆ ಗುರುತೂ ಸಿಗುವುದಿಲ್ಲ. ಜಗತ್ತನ್ನು ಉಳಿಸಲು ಬಂದ ಹತ್ತೊಂಬತ್ತರ ಹುಡುಗನಿಗೆ ಇದು ಅಸಹನೀಯ. ಆಮೆಯ ಸುದ್ದಿ ಮೊದಲು ತಿಳಿಯುವುದು ದಡದ ಮೀನುಗಾರರ ಮನೆಗಳಿಗೆ, ಅವರ ಜಗಲಿಯಲ್ಲಿ ಕುಳಿತು ಮಾತನಾಡುವುದೂ ಸಂರಕ್ಷಣೆಯ ಕೆಲಸವೇ ಎಂಬುದು ಅವನಿಗೆ ತಾನಾಗಿ ಹೊಳೆಯುವವರೆಗೆ ಮೆಂಟರ್ ಪ್ರಶ್ನೆ ಕೇಳುತ್ತಿರಬೇಕು.

ಜಾತಿ, ಬಣ್ಣ, ಅಡುಗೆಮನೆ

ಮೆಂಟರ್‌ಗಳು ಬೆವರುವ ಭಾಗ ಇದು. ಸಂಸ್ಕೃತಿ ಪರಿಚಯವೆಂದರೆ ಯಕ್ಷಗಾನ, ಕೋಲ, ಕಂಬಳ, ನೀರುದೋಸೆ ಎಂದು ಮುಗಿಸಿಬಿಡಬಹುದು. ಹಾಗೆ ಮುಗಿಸುವ ತರಬೇತಿಗಳೂ ಇವೆ. ಆದರೆ ವರ್ಷವಿಡೀ ಮನೆಯೊಳಗೆ ಇರುವ ಹುಡುಗಿ ನೋಡುವುದು ಬೇರೆಯದನ್ನು. ಅಂಗಳ ಗುಡಿಸುವ ಹೆಂಗಸಿಗೆ ಚಹಾ ಬೇರೆ ಲೋಟದಲ್ಲಿ ಏಕೆ? ತಿಂಗಳ ಮೂರು ದಿನ ಅಡುಗೆಮನೆಗೆ ಬರಬೇಡ ಎಂದದ್ದು ಏಕೆ? ಹೊರಗೆ ಮೀನು ತಿಂದು ಬಂದದ್ದು ಗೊತ್ತಾದಾಗ ಮನೆಯ ಅಮ್ಮನ ಮುಖ ಸಣ್ಣಗಾದದ್ದು ಏಕೆ? ಮೀನೂಟದ ಪ್ರಶ್ನೆ ಬರುವ ಮುನ್ನವೇ ಮುಗಿಯಬಹುದಾದದ್ದು. ಯಾವ ಮನೆಯಲ್ಲಿ ಯಾವ ಊಟವೆಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆದರೆ ಸಾಕು. ಲೋಟದ ಪ್ರಶ್ನೆ ಹಾಗಲ್ಲ.

ಆ ಪ್ರಶ್ನೆಗೆ ಮೆಂಟರ್ ಕೊಡುವ ಉತ್ತರಗಳು ಹೆಚ್ಚಾಗಿ ಎರಡು ಬಗೆ: "ಅದೆಲ್ಲ ಹಳೆಯ ಕಾಲದ್ದು, ಈಗ ಇಲ್ಲ" ಅಥವಾ "ಅದು ನಮ್ಮ ಸಂಪ್ರದಾಯ, ನಿನಗೆ ಅರ್ಥವಾಗುವುದಿಲ್ಲ." ಮೊದಲನೆಯದು ಸುಳ್ಳು, ಲೋಟ ಆಕೆಯ ಕಣ್ಣೆದುರೇ ಇದೆ. ಎರಡನೆಯದು ಮಾತನ್ನು ಮುಗಿಸುವ ಉಪಾಯ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ನಿಷೇಧಿಸಿದೆ, ಆದರೂ ಮನೆಗಳಲ್ಲಿ ಅದರ ಪಳೆಯುಳಿಕೆ ಇದೆ, ಇದರ ವಿರುದ್ಧ ಈ ಜಿಲ್ಲೆಗಳಲ್ಲೇ ದುಡಿದವರ ಪರಂಪರೆಯಿದೆ ಎಂದು ನೇರವಾಗಿ ಹೇಳುವ ಧೈರ್ಯ ಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರು ಇಲ್ಲಿ ತಾನಾಗಿ ಬರುತ್ತದೆ. ತಾನು ಯಾವ ಜಾತಿಯವನು, ತನ್ನ ಮನೆಯಲ್ಲಿ ಲೋಟ ಎಷ್ಟು ಬಗೆ ಎಂದು ಮೆಂಟರ್ ಮೊದಲು ತನ್ನನ್ನೇ ಕೇಳಿಕೊಳ್ಳದೆ ಈ ಮಾತುಕತೆ ಸಾಗದು. ಆ ಪಾಠದ ಹೊತ್ತಿಗೆ ಸಭಾಂಗಣದಲ್ಲಿ ನಗು ಇರುವುದಿಲ್ಲ.

ಬಣ್ಣದ ವಿಷಯವೂ ಹಾಗೆಯೇ. ಜರ್ಮನಿಯಿಂದ ಬರುವವರೆಲ್ಲ ಬಿಳಿಯರಲ್ಲ. ಟರ್ಕಿ ಮೂಲದ, ಆಫ್ರಿಕಾ ಮೂಲದ ಮನೆಗಳ ಮಕ್ಕಳೂ ಬರುತ್ತಾರೆ. ಬಿಳಿ ಹುಡುಗನ ಜೊತೆ ಸೆಲ್ಫಿಗೆ ಮುಗಿಬೀಳುವ ಊರು ಕಪ್ಪು ಹುಡುಗನನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ; ಮನೆ ಬಾಡಿಗೆಗೆ ಕೇಳಿದರೆ ಉತ್ತರವೇ ಬೇರೆ. "ನಮ್ಮವರು ಹಾಗಲ್ಲ, ನೀನು ತಪ್ಪು ತಿಳಿದೆ" ಎಂದುಬಿಟ್ಟರೆ ಆ ಹುಡುಗ ಮತ್ತೆಂದೂ ಮೆಂಟರ್ ಹತ್ತಿರ ಬಾಯಿಬಿಡುವುದಿಲ್ಲ.

ತಿರುಗಿ ನೋಡಿದರೆ, ಬಂದವರ ನೇರ ಮಾತು ನಮ್ಮವರಿಗೆ ಚುಚ್ಚುವುದೂ ಉಂಟು. "ಈ ಸಾಂಬಾರು ನನಗೆ ಇಷ್ಟವಾಗಲಿಲ್ಲ" ಎಂದು ಬಡಿಸಿದವರ ಎದುರೇ ಹೇಳುವುದು ಅವಳಿಗೆ ಪ್ರಾಮಾಣಿಕತೆ. "ನೋಡುವ", "ನಾಳೆ ಆಗಲಿ" ಎನ್ನುವುದು ನಮ್ಮಲ್ಲಿ ಎಷ್ಟೋ ಸಲ ಆಗುವುದಿಲ್ಲ ಎಂಬುದರ ಮರ್ಯಾದೆಯ ರೂಪವೆಂದು ತಿಳಿಯದೆ ಅವಳು ಮರುದಿನ ಸರಿಯಾಗಿ ಒಂಬತ್ತಕ್ಕೆ ಬಂದು ಕಾಯುತ್ತಾಳೆ. ಇಂಥವನ್ನು ಎರಡೂ ಕಡೆಗೆ ತಿಳಿಹೇಳಬೇಕಾದವರು ಮೆಂಟರ್.

ಗುಟ್ಟು ಎಲ್ಲಿಯವರೆಗೆ

ಮೆಂಟರ್‌ಗೆ ಹೇಳಿದ ಮಾತು ಮೆಂಟರ್ ಹತ್ತಿರವೇ ಉಳಿಯಬೇಕು. ಎಲ್ಲರಿಗೂ ಎಲ್ಲರೂ ಪರಿಚಯವಿರುವ ಕುಂದಾಪುರದಂಥ ಊರಿನಲ್ಲಿ ಇದು ದೊಡ್ಡ ಕಟ್ಟುಪಾಡು. ಮನೆಯ ಅಮ್ಮ ದೇವಸ್ಥಾನದಲ್ಲಿ ಸಿಕ್ಕಿ "ನಮ್ಮ ಹುಡುಗಿ ನನ್ನ ಬಗ್ಗೆ ಏನಾದರೂ ಹೇಳಿದಳಾ?" ಎಂದು ಕೇಳುತ್ತಾರೆ. ನಗುತ್ತಾ ಮಾತು ತಿರುಗಿಸುವುದನ್ನು ತರಬೇತಿಯಲ್ಲಿ ನಿಜವಾಗಿಯೂ ಅಭ್ಯಾಸ ಮಾಡಿಸುತ್ತಾರೆ.

ಆದರೆ ಗುಟ್ಟಿಗೂ ಗಡಿಯಿದೆ, ಅದನ್ನು ಮೊದಲ ಭೇಟಿಯಲ್ಲೇ ಸ್ವಯಂಸೇವಕರಿಗೆ ಹೇಳಿರಬೇಕು. ಆಕೆಯ ಜೀವಕ್ಕೆ ಅಪಾಯವೆನಿಸಿದರೆ, ಯಾರಿಂದಲಾದರೂ ದೌರ್ಜನ್ಯವಾಗಿದ್ದರೆ, ಮಗುವಿಗೆ ಕೇಡಾಗಿದೆಯೆಂದು ತಿಳಿದರೆ ಮೌನ ಸಲ್ಲದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ವರದಿ ಮಾಡಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಸಂಬಳವಿಲ್ಲದೆ ಸ್ವಯಂಪ್ರೇರಣೆಯಿಂದ ದುಡಿಯುವ ಮಹಿಳೆಯರಿಗೂ ಅನ್ವಯಿಸುತ್ತದೆ. ಇದು ಎಷ್ಟೋ ಸಂಸ್ಥೆಗಳಿಗೇ ಗೊತ್ತಿರುವುದಿಲ್ಲ. ಮೆಂಟರ್ ಮೊಬೈಲಿನಲ್ಲಿ ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಜೊತೆಗೆ ಕಳುಹಿಸಿದ ಸಂಸ್ಥೆಯ ತುರ್ತು ಸಂಖ್ಯೆ ಇರಬೇಕು. ಮೆಂಟರ್ ವೈದ್ಯರಲ್ಲ, ಮನೋವೈದ್ಯರೂ ಅಲ್ಲ. ವಾರಗಟ್ಟಲೆ ನಿದ್ದೆಯಿಲ್ಲದ, ಊಟ ಬಿಟ್ಟ ಹುಡುಗನನ್ನು ಮಣಿಪಾಲದಲ್ಲೋ ಮಂಗಳೂರಿನಲ್ಲೋ ವೈದ್ಯರ ಬಳಿ ಕರೆದೊಯ್ಯುವುದು ಅವರ ಕೆಲಸ, ಗುಣಪಡಿಸುವುದಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅನಾಥಾಲಯಗಳಿಗೆ ವಿದೇಶಿ ಸ್ವಯಂಸೇವಕರನ್ನು ಕಳುಹಿಸುವ ಪದ್ಧತಿಯ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆಯೇ 2019ರ ಡಿಸೆಂಬರಿನ ನಿರ್ಣಯದಲ್ಲಿ ಕಳವಳ ವ್ಯಕ್ತಪಡಿಸಿದೆ. ಕೆಲವು ತಿಂಗಳಿಗೊಮ್ಮೆ ಬಂದು, ಎತ್ತಿ ಮುದ್ದಾಡಿ, ಹೊರಟುಹೋಗುವ ಪ್ರೀತಿ ಮೊದಲೇ ಮನೆ ಕಳೆದುಕೊಂಡ ಮಗುವಿಗೆ ಮತ್ತೊಂದು ಅಗಲಿಕೆ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ: ಅಂಥ ಜಾಗಗಳಿಗೆ ಹದಿಹರೆಯ ಈಗಷ್ಟೇ ದಾಟಿದವರನ್ನು ಅಲ್ಪಾವಧಿಗೆ ಕಳುಹಿಸಲೇಬಾರದು. ಕಳುಹಿಸಿದ್ದರೆ, ಮಕ್ಕಳ ಫೋಟೋವನ್ನು ಇನ್‌ಸ್ಟಾಗ್ರಾಮಿಗೆ ಹಾಕಬೇಡ ಎಂಬುದರಿಂದ ಹಿಡಿದು ಒಬ್ಬಳೇ ಮಗುವಿನೊಂದಿಗೆ ಕೋಣೆಯಲ್ಲಿ ಇರಬೇಡ ಎಂಬುದರವರೆಗೆ ಮೆಂಟರ್ ಕಣ್ಣಿಟ್ಟಿರಬೇಕು.

ಅಪಾಯಗಳಲ್ಲಿ ನಮ್ಮವೇ ಆದ ಕೆಲವು ಇವೆ. ಈಜುಕೊಳದಲ್ಲಿ ಪಳಗಿದ ಹುಡುಗನಿಗೆ ಮಳೆಗಾಲದ ಅರಬ್ಬಿ ಸಮುದ್ರದ ಸೆಳೆತ ತಿಳಿಯದು. ಆ ದಿನಗಳಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳೇ ಹೋಗುವುದಿಲ್ಲ ಎಂದು ತಿಳಿಸಿದರೆ ಅರ್ಥವಾಗುತ್ತದೆ. ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ. ಗದ್ದೆಯ ನೀರಿಗಿಳಿದವರಿಗೆ ಇಲಿ ಜ್ವರ. ಜ್ವರ ಬಂದರೆ ಕಷಾಯ ಮಾಡಿಕೊಟ್ಟು ಕಾಯದೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಗೆಳೆಯನ ಸ್ಕೂಟರನ್ನು ಪರವಾನಗಿಯಿಲ್ಲದೆ ಓಡಿಸಿ ಬಿದ್ದರೆ ವಿಮೆ ಕೈಕೊಡುತ್ತದೆ.

ಕಾಗದಪತ್ರಗಳು ಮೆಂಟರ್ ಕೆಲಸವಲ್ಲ, ಆದರೆ ತಿಳಿದಿರಬೇಕು. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕು. ಸಿ ಫಾರ್ಮ್ ಎಂದು ರೂಢಿಯಲ್ಲಿರುವುದು ಇದೇ. 180 ದಿನಗಳಿಗಿಂತ ಹೆಚ್ಚಿನ ವೀಸಾ ಇದ್ದವರು ಬಂದ 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಪ್ರವಾಸಿ ವೀಸಾದಲ್ಲಿ ಬಂದು ವರ್ಷವಿಡೀ ಶಾಲೆಯಲ್ಲಿ ಕಲಿಸುತ್ತೇನೆ ಎನ್ನುವವರಿದ್ದರೆ ಆ ಕ್ಷಣವೇ ಸಂಸ್ಥೆಗೆ ತಿಳಿಸಬೇಕು.

ಯಾರು ಮೆಂಟರ್ ಆಗಬಹುದು

ಸಂಸ್ಥೆಗಳು ಸಾಮಾನ್ಯವಾಗಿ ಇಂಗ್ಲಿಷ್ ಸರಾಗವಾಗಿ ಬಲ್ಲವರನ್ನು ಆರಿಸುತ್ತವೆ. ಇದರಿಂದ ಒಂದೇ ವರ್ಗದ, ಹೆಚ್ಚಾಗಿ ಒಂದೆರಡು ಜಾತಿಗಳ ಮಂದಿಯೇ ಮೆಂಟರ್‌ಗಳಾಗುತ್ತಾರೆ. ಬಂದವರ ಕಣ್ಣಿಗೆ ಕರಾವಳಿಯೆಂದರೆ ಅಷ್ಟೇ ಎಂದಾಗುತ್ತದೆ. ಇಂಗ್ಲಿಷ್ ಹರುಕುಮುರುಕಾದರೂ ತಾಳ್ಮೆಯಿಂದ ಕೇಳುವ ಅಂಗನವಾಡಿ ಕಾರ್ಯಕರ್ತೆ ಎಷ್ಟೋ ಪಾಲು ಮೇಲು. ಇನ್ನೊಂದು ಒಳ್ಳೆಯ ಗುಂಪು ಈಗ ತಯಾರಾಗುತ್ತಿದೆ. ವೆಲ್ಟ್‌ವೆರ್ಟ್ಸ್‌ನಲ್ಲಿ 2013ರಿಂದ ಭಾರತದಂಥ ದೇಶಗಳ ಯುವಜನರೂ ಜರ್ಮನಿಗೆ ಹೋಗಿ ಒಂದು ವರ್ಷ ದುಡಿಯುವ ಅವಕಾಶವಿದೆ. ಬರ್ಲಿನ್ನಿನ ಚಳಿಯಲ್ಲಿ ಅಕ್ಕಪಕ್ಕದವರು ಮಾತನಾಡಿಸದೆ ಕಂಗಾಲಾದವರಿಗೆ, ಇಲ್ಲಿ ಎಲ್ಲರೂ ಮಾತನಾಡಿಸಿ ಸುಸ್ತಾದವಳ ಕಷ್ಟ ಬೇಗ ಅರ್ಥವಾಗುತ್ತದೆ.

ಮೆಂಟರ್‌ಗೂ ಬೆಂಬಲ ಬೇಕು. ಎರಡು ತಿಂಗಳಿಗೊಮ್ಮೆಯಾದರೂ ಮೆಂಟರ್‌ಗಳು ಒಟ್ಟಿಗೆ ಕುಳಿತು, ಹೆಸರು ಹೇಳದೆ, ತಮಗೆ ತೋಚದ ಪ್ರಸಂಗಗಳನ್ನು ಚರ್ಚಿಸುವ ಏರ್ಪಾಡು ಇರಬೇಕು. ಬಸ್ಸು, ಫೋನಿನ ಖರ್ಚು, ಸಣ್ಣ ಗೌರವಧನ ಕೊಡದೆ ಎಲ್ಲವನ್ನೂ ಸೇವೆಯ ಹೆಸರಿಗೆ ಹಾಕಿದರೆ ಎರಡನೆಯ ವರ್ಷ ಮೆಂಟರ್ ಸಿಗುವುದಿಲ್ಲ.

ಹೊರಡುವ ತಿಂಗಳು ಮತ್ತೆ ಬಿರುಸಿನದು. ಮರಳಿ ಊರಿಗೆ ಹೋದ ಮೇಲೂ ಇನ್ನೊಂದು ಇಳಿತವಿದೆ ಎಂದು 1963ರಲ್ಲಿ ಗಲ್ಲಹಾರ್ನ್ ದಂಪತಿ ತೋರಿಸಿದ್ದರು. ಯು ಗೆರೆ ಡಬ್ಲ್ಯು ಆಯಿತು. ಅದನ್ನು ಮೊದಲೇ ಹೇಳಿ ಕಳುಹಿಸಬೇಕು. "ಮುಂದಿನ ವರ್ಷ ಖಂಡಿತ ಬರುತ್ತೇನೆ" ಎಂದು ಮಕ್ಕಳಿಗೆ ಮಾತು ಕೊಡದಂತೆ ತಡೆಯಬೇಕು. ಶಾಲೆಯಲ್ಲಿ ಆಕೆ ಶುರುಮಾಡಿದ ಕೆಲಸ ಯಾರ ಕೈಗೆ ಹೋಗುತ್ತದೆಂದು ಅವಳಿಂದಲೇ ಬರೆಸಬೇಕು. ವಿಮಾನ ಹತ್ತಿದ ಮೇಲೆ ಮೆಂಟರ್ ಎರಡು ಪುಟ ಬರೆದಿಡುತ್ತಾರೆ, ಸ್ವಯಂಸೇವಕಿಯ ಹೆಸರಿಲ್ಲದೆ: ಶಾಲೆಯವರು ಯಾವ ತಿಂಗಳಿನಿಂದ ನಿಜವಾಗಿ ಕೆಲಸ ಕೊಟ್ಟರು, ಮನೆಯಲ್ಲಿ ಯಾವ ನಿಯಮ ಮೊದಲೇ ತಿಳಿಸಬೇಕಿತ್ತು, ಕೋಣೆಯ ಚಿಲಕ ರಿಪೇರಿ ಆಯಿತೇ, ಆ ಮನೆಗೆ ಮುಂದಿನ ಆಗಸ್ಟಿನಲ್ಲಿ ಇನ್ನೊಬ್ಬರನ್ನು ಕಳುಹಿಸಬಹುದೇ ಬೇಡವೇ.